ಕಂಪ್ಯೂಟರಿಗೊಂದು ಕೆಂಪು ಎಳೆ

"ನಿಮ್ಮ ಮಾಳಿಗಿ ಖೋಲಿಗೆ ಶಿವಲಕ್ಷ್ಮಿ ಅಂತ ಕಾಲೇಜಿನ ಟೀಚರ್ ಬರ್ತಾಳಂತ" ಎಂದು ಬೆಟಗೇರಿಯ ನಳದ ಹತ್ತಿರ ನೆರೆಮನೆಯ ಗದಿಗೆವ್ವ ಹೇಳಿದ ದಿನವೇ ಅವಳ ಸುದ್ದಿ ನಾನು ಮೊದಲು ಕೇಳಿದ್ದು. ಬಾಡಿಗೆಗೆ ಬಂದವಳು ಡಂಬಳದ ಹುಡುಗಿ. ಕಂಪ್ಯೂಟರ್ ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವಾಗ ಎಷ್ಟು ವೇಳೆ ಹೋಗುತ್ತದೆ ಎಂದು ಅಳೆಯುತ್ತಿದ್ದಳು.

"ಅಷ್ಟರಾಗ ಏನ್ ವೇಳೆ ಹೋಗತೈತಿ ಯವ್ವಾ?" ಎಂದೆ.

"ಎಲ್ಲಿಗೆ ಬಿಟ್ಟಿತ್ತು ಅಂತ ಗುರುತು ಇಡಬೇಕು, ಮತ್ತ ಅದನ್ನ ಹುಡುಕಬೇಕಲ್ರಿ ಅಜ್ಜೀ. ನಿಮ್ಮ ಮಗ್ಗದ ಕೆಂಪು ಎಳಿ ಇದ್ದಂಗ."

ಸೀರೆಯ ಹೂವು ಅರ್ಧ ನೇಯ್ದು ಎದ್ದರೆ, ಮುಂದೆ ಕೂರುವವರಿಗೆ ತಿಳಿಯಲೆಂದು ನಾವು ಅಲ್ಲಿ ಕೆಂಪು ಎಳೆ ಕಟ್ಟುತ್ತೇವೆ.

"ಹಂಗಾರ ನೀನೂ ನೇಕಾರಾಕಿನ ಬಿಡು!" ಎಂದು ನಕ್ಕಿದ್ದೆ.

ಅವಳಿಗೆ ರಕ್ತದ ಕ್ಯಾನ್ಸರ್ ಇತ್ತು. ಆಸ್ಪತ್ರೆಯಿಂದ ಬಂದಾಗಲೆಲ್ಲ ಕಂಪ್ಯೂಟರಿನ ಮುಂದೆ ಸುಮ್ಮನೆ ಕುಳಿತುಬಿಡುತ್ತಿದ್ದಳು. "ಎಲ್ಲಿಗೆ ಬಿಟ್ಟಿದ್ದೆ ಅಂತ ನೆನಪಾಗವಲ್ದರಿ" ಎಂದು ಅಳುತ್ತಿದ್ದಳು. ಆ ಅಳತೆ ಮುಗಿಸಬೇಕೆಂಬುದೊಂದೇ ಅವಳ ಆಸೆ.

ಕಡೆಯ ಸಲ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಅಂದು ಆಟೋ ಹತ್ತುವಾಗ ನನ್ನ ಕೈ ಹಿಡಿದಳು.

"ಅಜ್ಜೀ, ಅಳತಿ ಅರ್ಧಕ್ಕ ನಿಂತೈತಿ. ನಮ್ಮ ಕಾಲೇಜಿನ ಅಂಕಿತಾ ಬಂದು ಮುಂದ ಮಾಡ್ತಾಳ. ಆಕಿ ಬರೂತನಕ ನನ್ನ ಕಂಪ್ಯೂಟರಿಗೂ ಒಂದು ಕೆಂಪು ಎಳಿ ಕಟ್ಟಿಡ್ರಿ."