ಕಣ್ಣು ಬರೆಯದ ರಾಣಿ

ಗಂಟು ಬಿಚ್ಚಿದೊಡನೆ ಮಸಿಯ ವಾಸನೆ ಬಂತು. ನುಸಿಗುಳಿಗೆಯ ಘಾಟಿನ ಅಡಿಯಿಂದ ಅದೇ ಹಳೆಯ ಕರಿ ಮಸಿ... ನನ್ನ ಕೈ ತಾನಾಗಿಯೇ ಕುತ್ತಿಗೆಯ ಹಿಂದೆ ಹೋಗಿ ತುರುಬು ಮುಟ್ಟಿ ನೋಡಿಕೊಂಡಿತು. ಮೊನ್ನೆ ಡ್ರಾಯಿಂಗ್ ಮಾಸ್ತರರ ಮಗಳು ಕಿನ್ನಾಳದಿಂದ ಬಂದು, "ಅಪ್ಪ ತೀರ್ಕೊಳ್ಳೂ ಮುಂದ ಇದನ್ನ ನಿಮಗ ಕೊಡು ಅಂದಿದ್ರು, ಅಕ್ಕಾರ" ಎಂದು ಕೊಟ್ಟುಹೋದ ಗಂಟು ಅದು.

ಗಂಗಾವತಿಯಲ್ಲಿ ನಾನು ಸೊಸೆಯಾಗಿ ಬಂದ ಮನೆಗೂ ಆ ಡ್ರಾಯಿಂಗ್ ಮಾಸ್ತರರ ಮನೆಗೂ ನಡುವೆ ಒಂದೇ ಗೋಡೆ. ಅವರು ಕಿನ್ನಾಳದ ಚಿತ್ರಗಾರರ ಮನೆತನದವರು. ಆದರೆ ಅವರ ಹುಚ್ಚು ಕಟ್ಟಿಗೆಯ ಗೊಂಬೆಯದಲ್ಲ, ಕಾಗದದ್ದು. ಹಳೆಯ ಕಾವ್ಯಗಳ ರಾಜ, ರಾಣಿ, ರಾಕ್ಷಸರನ್ನೆಲ್ಲ ನಿಬ್ಬಿನ ಪೆನ್ನಿನಲ್ಲಿ ಗೆರೆ ಎಳೆದು, ಮೇಲೆ ತೆಳುವಾಗಿ ನೀರುಬಣ್ಣ ಹಾಯಿಸುತ್ತಿದ್ದರು. ಕಣ್ಣು ಮಾತ್ರ ಬರೆಯುತ್ತಿರಲಿಲ್ಲ. ವರ್ಷವಿಡೀ ಚಿತ್ರಗಳು ಕುರುಡಾಗಿಯೇ ಕೂತಿರಬೇಕು. ಆಯುಧಪೂಜೆಯ ದಿನ ಪೆನ್ನು, ಕುಂಚಕ್ಕೆ ಪೂಜೆ ಮಾಡಿ, ಓಣಿಯವರೆದುರು ಮನೆಮುಂದಿನ ಕಟ್ಟೆಯ ಮೇಲೆ ಕೂತು ಕಣ್ಣು ತೆರೆಸಬೇಕು. ಅದು ಅವರ ಹಿರಿಯರ ಪದ್ಧತಿ.

ಗೋಡೆಯ ಈಚೆ ನಡೆಯುತ್ತಿದ್ದುದೇ ಬೇರೆ. ಎಡಗಣ್ಣು ಸದಾ ಅರೆಮುಚ್ಚಿರುತ್ತಿದ್ದ ನನ್ನ ಗಂಡ ಅನ್ನಿಸಿಕೊಂಡವನು ಸಾರಿನಲ್ಲಿ ಉಪ್ಪು ಹೆಚ್ಚಾದರೆ ಜಡೆ ಹಿಡಿದೆಳೆದು ನನ್ನ ಹಣೆಯನ್ನು ಅದೇ ಗೋಡೆಗೆ ಬಡಿಯುತ್ತಿದ್ದ. ಕಡಿಮೆಯಾದರೂ ಬಡಿಯುತ್ತಿದ್ದ. ಓಣಿಗೆಲ್ಲ ಕೇಳಿಸುತ್ತಿತ್ತು. ಹಾಳಾದವರು, ಒಬ್ಬರಾದರೂ ಬಾಗಿಲು ತಟ್ಟಬೇಕಲ್ಲ! ಮಾಸ್ತರರು ಮಾತ್ರ ತಟ್ಟಿ, ಬೈಸಿಕೊಂಡು ಹೋಗುತ್ತಿದ್ದರು.

ಆ ವರ್ಷದ ದೊಡ್ಡ ಚಿತ್ರ, ತುಂಬಿದ ಸಭೆಯಲ್ಲಿ ರಾಣಿಯ ಮುಡಿ ಹಿಡಿದು ಎಳೆಯುವ ದುಷ್ಟನದು. ಪೂಜೆಯ ದಿನ ಓಣಿಯೆಲ್ಲ ಕಟ್ಟೆಯ ಮುಂದೆ ಸೇರಿತ್ತು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಮೊದಲು ಸಭೆಯ ಹಿರಿಯರಿಗೆ ಕಣ್ಣು ಬಂದವು, ಎಲ್ಲವೂ ನೆಲ ನೋಡುವ ಕಣ್ಣು. ಆಮೇಲೆ ಆ ದುಷ್ಟನಿಗೆ. ಅಯ್ಯೋ ಶಿವನೇ! ಅರೆಮುಚ್ಚಿದ ಎಡಗಣ್ಣು ಬಂದದ್ದೇ ತಡ, ಹಾಳೆಯ ಮೇಲೆ ನನ್ನ ಗಂಡ ನಿಂತಿದ್ದ.

"ಏ, ಇಂವ ನಮ್ಮ ಓಣ್ಯಾಂವನ ಅದಾನಲ್ಲೋ!" ಎಂದು ಯಾರೋ ನಕ್ಕರು.

ಗುಂಪಿನಲ್ಲಿದ್ದ ಅವನು ನನ್ನನ್ನು ತಳ್ಳಿಕೊಂಡು ಒಳಗೆ ಓಡಿದ. ಬೆಳಿಗ್ಗೆ ನಾನೇ ವಿಭೂತಿ ಹಚ್ಚಿ ಚೆಂಡುಹೂವಿಟ್ಟಿದ್ದ ಕುಡಗೋಲು ಹಿಡಿದು ಬಂದ. ಮಾಸ್ತರರು ಏಳಲಿಲ್ಲ. ರಾಣಿಯ ಕಣ್ಣಿಗೆಂದು ನಿಬ್ಬು ಅದ್ದುತ್ತಿದ್ದರು. ಹೂವಿನ ಸಮೇತ ಏಟು ಬಿತ್ತು. ಬಲಗೈಯ ಬೆರಳುಗಳು ಮಸಿಬಾಟಲಿಯ ಪಕ್ಕ ಉದುರಿದವು. ಕೆಂಪೂ ಕಪ್ಪೂ ಕಲೆತು ಕಟ್ಟೆಯಿಂದ ಇಳಿಯಿತು. ಅವನು ಮತ್ತೆ ಕೈಯೆತ್ತಿದ, ಈ ಸಲ ಅವರ ಕುತ್ತಿಗೆಗೆ. ಪೂಜೆಗೆಂದು ಬಾಗಿಲಿಗೆ ಒರಗಿಸಿದ್ದ ಒನಕೆ ಎತ್ತಿ ಅವನ ಮೊಣಕೈಗೆ ಬಾರಿಸಿದೆ. ಮೂಳೆ ಲಟಕ್ಕೆಂದಿತು. ಸುಳ್ಳೇಕೆ ಹೇಳಲಿ, ಹಾಯೆನಿಸಿತು. ಜನ ಬಂದು ಹಿಡಿಯುವವರೆಗೂ ಬಾರಿಸುತ್ತಲೇ ಇದ್ದೆ.

"ತನ್ನ ಮಾರಿ ತಾನ ನೋಡಿದ್ರ ನಾಚ್ತಾನ ಅಂತ ತಿಳಕೊಂಡಿದ್ದೆ, ತಂಗಿ" ಎಂದರು ಮಾಸ್ತರರು, ದವಾಖಾನೆಯಲ್ಲಿ. "ಶಾಣ್ಯಾತನ ಮಾಡಾಕ ಹೋಗಿ ಕೆಟ್ಟೆ."

ಅವನು ಜೈಲಿಗೆ ಹೋದ. ನಾನು ತವರೂರಾದ ಮರಳಿಗೆ ಬಂದೆ, ಆ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಮಾಸ್ತರರು ಎಡಗೈಯಲ್ಲಿ ಬರೆಯುವುದನ್ನು ಕಲಿತರು. ಎತ್ತು, ಬಂಡಿ, ಗಿಡ... ಚಿಕ್ಕ ಮಕ್ಕಳು ಬರೆದಂತೆ. ರಾಣಿಯ ಕಣ್ಣು ಯಾವಾಗ ಬರೀತೀರಿ ಎಂದು ಒಮ್ಮೆ ಅವರನ್ನು ನೋಡಲು ಹೋದಾಗ ಕೇಳಿದ್ದೆ.

"ಅಕೀ ಕಣ್ಣು ಹೆಂಗಿರತಾವ ಅಂತ ನೀ ಒನಕಿ ಎತ್ತಿದಾಗ ನೋಡೀನಿ. ಈ ಎಡಗೈಗೆ ಅವು ಬರೂದಿಲ್ಲವ್ವಾ" ಎಂದು ನಕ್ಕಿದ್ದರು.

ಈಗ ಚಿತ್ರವನ್ನು ನೆಲದ ಮೇಲೆ ಹರಡಿದ್ದೇನೆ. ಹಾಳೆ ಹಳದಿಯಾಗಿದೆ, ಅಂಚಿನ ರಕ್ತದ ಕಲೆ ಕಂದುಬಣ್ಣಕ್ಕೆ ತಿರುಗಿದೆ. ಎಲ್ಲರಿಗೂ ಕಣ್ಣಿವೆ, ರಾಣಿಗಿಲ್ಲ. ಗಂಟಿನ ತಳದಲ್ಲಿ ಆ ಪೆನ್ನೂ ಇದೆ. ಆಯುಧಪೂಜೆ ಬರಲಿ, ನಮ್ಮ ಕಟ್ಟೆಯ ಮೇಲೆ ಕೂತು ನಾನೇ ಬರೆಯುತ್ತೇನೆ. ಸೊಟ್ಟಗಾದರೆ ನಕ್ಕು ತಿದ್ದುವುದಕ್ಕೆ ಮಾಸ್ತರರಿಲ್ಲ...