ಕುಕ್ಕುವಾಡಕ್ಕೆ ಹೂವು ಒಯ್ದ ಡಾಕ್ಟರ್

ಬೆಣ್ಣೆ ದೋಸೆಯ ಮೇಲಿನ ಬೆಣ್ಣೆಯನ್ನು ಚಮಚದಲ್ಲಿ ಕೆರೆದು ತಟ್ಟೆಯ ಅಂಚಿಗೆ ತಳ್ಳಿ, ಬರೀ ದೋಸೆ ತಿನ್ನುವ ಮನುಷ್ಯನನ್ನು ನಾನು ನೋಡಿದ್ದು ಒಬ್ಬನನ್ನೇ. ತಿಂದಾದ ಮೇಲೆ ದಾವಣಗೆರೆಯ ದೋಸೆಯ ಬಗ್ಗೆ ನಮಗೇ ಪಾಠ ಹೇಳಿದ. ಈ ಪ್ರಾಣಿಯಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ ಎಂದು ನನಗೆ ಅವತ್ತೇ ಅನ್ನಿಸಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಡಾಕ್ಟರ್ ಚಂದ್ರಶೇಖರ ವಿನೋಬನಗರದ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದ. ಗುಳಿಗೆ ಕೊಡುವ ಡಾಕ್ಟರ್ ಅಲ್ಲ. ನಮ್ಮ ಸೀಮೆಯಲ್ಲಿ ಮದುವೆ ಸಂಬಂಧಗಳು ಹೇಗೆ ಕೂಡುತ್ತವೆ ಎಂದು ಸಂಶೋಧನೆ ಮಾಡಲು ಪುಣೆಯಿಂದ ಬಂದವನು. ಮನೆಮಾತು ಕನ್ನಡ, ವಯಸ್ಸು ಮೂವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. "ನಾವೂ ನಿಮ್ಮವರೇ" ಎಂದ. ಅಪ್ಪ ಅಲ್ಲಿಗೇ ಕರಗಿಹೋದ.

ಅವನ ಬಾಯಲ್ಲಿ ಸದಾ ಒಂದೇ ಮಾತು: "ತುಂಬಾ ಇಂಟರೆಸ್ಟಿಂಗ್." ನಲ್ಲಿಯಲ್ಲಿ ನೀರು ಬಾರದೆ ಅವ್ವ ಕೊಡ ಹೊತ್ತು ಬೋರಿಗೆ ಹೋದರೆ ಇಂಟರೆಸ್ಟಿಂಗ್. ಪಕ್ಕದ ಮನೆಯ ಅಜ್ಜ ತೀರಿಕೊಂಡು ಹೆಂಗಸರು ಅಳುತ್ತಿದ್ದರೆ, ಟೇಪ್‌ರೆಕಾರ್ಡರ್ ಹಿಡಿದು ಬಾಗಿಲಲ್ಲಿ ನಿಂತು, ಇಂಟರೆಸ್ಟಿಂಗ್. ಅವ್ವ ಕೊಟ್ಟ ರೊಟ್ಟಿ ತಿಂದು ಎಂಜಲು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಅದನ್ನು ಯಾರು ತೊಳೆಯುತ್ತಾರೆ ಎಂಬುದು ಮಾತ್ರ ಅವನಿಗೆ ಇಂಟರೆಸ್ಟಿಂಗ್ ಅನ್ನಿಸಲಿಲ್ಲ. ಓದಿ ಓದಿ ಮರುಳಾದ ಕೂಚಂಭಟ್ಟ ಅಂತಾರಲ್ಲ, ಇವನು ತಾನು ಮರುಳಾಗಲಿಲ್ಲ, ಮಂದಿಯನ್ನು ಮರುಳು ಮಾಡಿದ.

ಅಪ್ಪ ಅವನನ್ನು ಕುಕ್ಕುವಾಡದ ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋದ. ಅಲ್ಲಿ ಕೂತು ಇವನು ಕೇಳಿದ್ದೇನು? ಮನೆತನ ಯಾವುದು, ಕುಲದೊಳಗಿನ ಬೆಡಗು ಯಾವುದು, ತಾಯಿಯ ತವರು ಎಲ್ಲಿ, ಹುಡುಗಿ ಎಷ್ಟು ಓದಿದ್ದಾಳೆ. ಚಿಕ್ಕಪ್ಪನ ಮಗಳು ನಾಗರತ್ನ ಚಹಾ ತಂದಾಗ ಅವಳನ್ನು ಗೋಡೆಗೆ ನಿಲ್ಲಿಸಿ ಫೋಟೊ ಬೇರೆ ತೆಗೆದ. ಹೆಣ್ಣು ನೋಡಲು ಬಂದವರನ್ನು ಬಿಟ್ಟರೆ ನಮ್ಮ ಕಡೆ ಬೇರೆ ಯಾರೂ ಹೀಗೆ ಮಾಡುವುದಿಲ್ಲ. ಆದರೂ ಚಿಕ್ಕಪ್ಪ, "ಓದೋ ಮಂದಿ, ಕೇಳ್ತಾರೆ ಬಿಡು" ಅಂದ.

ಕೆಲವು ದಿನ ಬಿಟ್ಟು ಡಾಕ್ಟರ್ ತಾನೊಬ್ಬನೇ ಮತ್ತೆ ಹೋದ. ಈ ಸಲ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಮಲ್ಲಿಗೆ ದಂಡೆ, ಹಸಿರು ಕುಪ್ಪಸದ ಖಣ. ಪಕ್ಕದ ಬಾತಿ ಹಳ್ಳಿಯ ಯಾರದೋ ಮನೆಗೆ ಗಂಡಿನವರು ಹಾಗೆ ತಂದದ್ದನ್ನು ನೋಡಿ, ಇಲ್ಲಿ ಯಾರ ಮನೆಗೆ ಹೋದರೂ ಹೀಗೇ ಹೋಗಬೇಕು ಎಂದುಕೊಂಡಿದ್ದನಂತೆ. ತಟ್ಟೆಯನ್ನು ನಾಗರತ್ನಳ ಕೈಗೇ ಕೊಟ್ಟ. ಇವನು ಮದುವೆಯ ಮೇಲೆ ಸಂಶೋಧನೆ ಮಾಡುವವನು!

ಹಣ್ಣು-ಕಾಯಿ ಬಂದ ಮೇಲೆ ಹೆಣ್ಣಿನ ಕಡೆಯವರು ಬಾಯಿಬಿಟ್ಟು ಕೇಳುವ ಹಾಗಿಲ್ಲ, ಗಂಡಿನ ಕಡೆಯ ಹಿರಿಯರು ಬರುವವರೆಗೆ ಕಾಯಬೇಕು. ಎಲ್ಲರೂ ಕಾದರು. ಅಷ್ಟೊತ್ತಿಗಾಗಲೇ ಹರಿಹರದಿಂದ ನಾಗರತ್ನಳಿಗೆ ಒಂದು ಸಂಬಂಧ ಬಂದಿತ್ತು. ಫ್ಯಾಕ್ಟರಿಯಲ್ಲಿ ಕೆಲಸದ ಹುಡುಗ, ಅವಳ ಮನಸ್ಸಿಗೂ ಬಂದಿದ್ದ. ಪುಣೆಯ ಡಾಕ್ಟರ್ ಆಸೆಗೆ ಚಿಕ್ಕಪ್ಪ ಅವರಿಗೆ "ಸ್ವಲ್ಪ ತಡೀರಿ" ಅಂದ. ಹಣ್ಣು-ಕಾಯಿಯ ಸುದ್ದಿ ಹರಿಹರ ಮುಟ್ಟಲು ಎಷ್ಟು ಹೊತ್ತು? "ಇನ್ನೊಬ್ಬರ ಹೂವು ಹಿಡಿದ ಹುಡುಗಿ ನಮಗ್ಯಾಕ್ರಿ?" ಎಂದು ಅವರು ಹೇಳಿ ಕಳಿಸಿದರು.

ನಾಗರತ್ನ ದಾವಣಗೆರೆಗೆ ಬಂದವಳೇ ನಮ್ಮ ಮಹಡಿ ಹತ್ತಿದಳು. ನಾನೂ ಹಿಂದೆ ಹೋದೆ.

"ಸಾರ್, ನೀವು ನನ್ನ ನೋಡಾಕ ಬಂದಿರಲಿಲ್ಲ ಅಂತ ಹರಿಹರದೋರಿಗೆ ಒಂದು ಮಾತು ಹೇಳಿ ಬರ್ರಿ. ನಾವು ಹೇಳಿದ್ರೆ ನಂಬಲ್ಲ ಅವ್ರು."

ಅವನು ಕಣ್ಣರಳಿಸಿದ. "ನನ್ನನ್ನು ಗಂಡು ಅಂದುಕೊಂಡಿರಾ? ತುಂಬಾ ಇಂಟರೆಸ್ಟಿಂಗ್!" ಎಂದು ನಕ್ಕು ಟೇಪ್‌ರೆಕಾರ್ಡರ್ ಗುಂಡಿ ಒತ್ತಿದ. "ಮೊದಲಿನಿಂದ ಇನ್ನೊಮ್ಮೆ ಹೇಳಿ."

ನನಗೆ ಮೈಯೆಲ್ಲ ಉರಿದುಹೋಯಿತು. "ಅದನ್ನ ಆರಿಸ್ರಿ, ಇಲ್ಲಾಂದ್ರ ಕಿಟಕಿಯಿಂದ ಆಚೆ ಒಗೀತೀನಿ" ಅಂದೆ. ಆರಿಸಿದ. ಆಮೇಲೆ ಗಂಭೀರವಾಗಿ, ಸಂಶೋಧಕನಾದವನು ಯಾರ ಮನೆಯ ವಿಷಯದಲ್ಲೂ ತಲೆಹಾಕಬಾರದು ಎಂದು ವಿವರಿಸಿದ. ತಲೆ, ಕಾಲು, ಕ್ಯಾಮೆರಾ ಎಲ್ಲ ಹಾಕಿ ಆದ ಮೇಲೆ!

ಕೊನೆಗೆ ಅಪ್ಪ ಕೈ ಮುಗಿದು ಕೇಳಿಕೊಂಡ ಮೇಲೆ ಒಪ್ಪಿದ. ಪುಣೆಗೆ ವಾಪಸು ಹೋಗುವ ದಿನ ಹರಿಹರದಲ್ಲಿ ಇಳಿದು, ಆ ಮನೆಗೆ ಹೋಗಿ ಹೇಳಿ, ಮುಂದಿನ ಗಾಡಿಗೆ ಹೋಗುವುದು ಎಂದಾಯಿತು. ಹೊರಡುವಾಗ ನಮ್ಮ ಹೊಸ್ತಿಲಲ್ಲಿ ನಿಂತು, "ನಿಮ್ಮ ಜನ ಬಹಳ ಮುಗ್ಧರು" ಎಂದು ಸರ್ಟಿಫಿಕೇಟು ಕೊಟ್ಟ. ಅವ್ವ ದಾರಿಗೆಂದು ಕೊಟ್ಟ ಬುತ್ತಿಯನ್ನು ಮರೆಯದೆ ತೆಗೆದುಕೊಂಡ.

ಹರಿಹರ ರೈಲು ನಿಲ್ದಾಣದಲ್ಲಿ ಚಿಕ್ಕಪ್ಪ ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಕಾಯುತ್ತಿದ್ದ. ಆ ಮನೆಯವರಿಗೆ ಬರುತ್ತೇವೆ ಎಂದು ಹೇಳಿಯೂ ಕಳಿಸಿದ್ದ. ಗಾಡಿ ಬಂದು ನಿಂತಿತು. ಡಾಕ್ಟರ್ ಕಿಟಕಿಯ ಪಕ್ಕ ಕೂತು ಬುತ್ತಿ ಬಿಚ್ಚಿದ್ದ. ಚಿಕ್ಕಪ್ಪ ಓಡಿಹೋಗಿ, "ಇಳೀರಿ ಸಾರ್, ಆಟೋ ನಿಲ್ಸೀನಿ" ಅಂದ. ಅವನು ತುಂಬಿದ ಬಾಯಲ್ಲೇ, "ಅಯ್ಯೋ, ಬೀಳ್ಕೊಡಲು ಇಷ್ಟು ದೂರ ಬಂದಿರಾ? ಎಂಥ ಪ್ರೀತಿ!" ಎಂದು ಎರಡೂ ಕೈ ಜೋಡಿಸಿದ. ಗಾಡಿ ಹೊರಟಿತು.

ಚಿಕ್ಕಪ್ಪ ಆ ಮನೆಗೆ ಒಬ್ಬನೇ ಹೋದ. "ಎಲ್ಲಿ, ಅವ್ರನ್ನ ಕರ್ಕೊಂಡು ಬರ್ತೀನಿ ಅಂದಿದ್ರಲ್ರಿ?" ಎಂದು ಅವರು ನೀರು ಕೊಟ್ಟು ಕಳಿಸಿದರು.

ಸಂಜೆ ನಮ್ಮ ಪಡಸಾಲೆಯಲ್ಲಿ ಕೂತು ಚಿಕ್ಕಪ್ಪ ಇದಿಷ್ಟನ್ನೂ ಹೇಳಿದ. ನಾಗರತ್ನ ಕಂಬಕ್ಕೆ ಒರಗಿ ನಿಂತು ಕೇಳಿದಳು.

"ಅವ್ರು ಕಿಟಕ್ಯಾಗ ಕೈ ಮುಗುದ್ರಾ?"

"ಹೂಂ ಕಣವ್ವ."

"ನೀನೂ ತಿರುಗಿ ಮುಗುದೇನಪ್ಪ?"

ಚಿಕ್ಕಪ್ಪ ಜುಬ್ಬದ ತೋಳು ಸರಿಮಾಡಿಕೊಳ್ಳುತ್ತ ಕೂತ.