ಚಿಪ್ಪಿನ ಇಸ್ಮಾಯಿಲಣ್ಣ ಮತ್ತು ನಮ್ಮತ್ತೆಯ ಅಟ್ಟ

ನಮ್ಮೂರಿಗೆ ಕರೆಂಟು ಬಂದದ್ದು ಹೇಗೆ ಎಂದು ಕೇಳಿದರೆ ಈಗಿನ ಹುಡುಗರು ಬೀದಿಯ ಕಂಬ ತೋರಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಕಂಬ ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ಅದಕ್ಕೂ ಎಷ್ಟೋ ಮೊದಲೇ ನಮ್ಮ ನಡುಮನೆಯಲ್ಲಿ ಬಲ್ಬು ಉರಿದಿತ್ತು, ಅಂಗಳದ ನಲ್ಲಿಯಲ್ಲಿ ನೀರು ಬಿದ್ದಿತ್ತು. ಅದೆಲ್ಲ ನಡೆದದ್ದು ತೆಂಗಿನ ಚಿಪ್ಪಿನಿಂದ. ಆ ಚಿಪ್ಪನ್ನು ಊರೂರು ತಿರುಗಿ ತಂದು ಹಾಕುತ್ತಿದ್ದವರು ಚಿಕ್ಕನಾಯಕನಹಳ್ಳಿಯ ಮಹಮ್ಮದ್ ಇಸ್ಮಾಯಿಲ್. ನಮ್ಮ ಬಾಯಲ್ಲಿ ಅವರು ಚಿಪ್ಪಿನ ಇಸ್ಮಾಯಿಲಣ್ಣ. ಅವರ ಋಣ ನನ್ನ ಮೇಲಿದೆ, ನನ್ನ ಮಗಳ ಮೇಲೂ ಇದೆ. ಅದನ್ನು ಹೇಳದೆ ಇದ್ದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಇಸ್ಮಾಯಿಲಣ್ಣನ ಅಪ್ಪ ಪೇಟೆಯಲ್ಲಿ ದರ್ಜಿಯಾಗಿದ್ದರು. ಮಗನನ್ನೂ ಹೊಲಿಗೆ ಮಿಷನ್ನಿನ ಮುಂದೆ ಕೂರಿಸಿ ನೋಡಿದರಂತೆ. ಯಾರದೋ ಮದುವೆ ಅಂಗಿಗೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಹೊಲಿದಿಟ್ಟ ಮೇಲೆ ಆ ಆಸೆ ಬಿಟ್ಟರು. ಆ ವಿದ್ಯೆ ಒಲಿದದ್ದು ಸೊಸೆ ಶಾಹಿದಾ ಬೇಗಂಗೆ. ಇಸ್ಮಾಯಿಲಣ್ಣ ಗ್ಯಾರೇಜು ಸೇರಿದರು. ಅಲ್ಲಿ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಮೆಟಡೋರ್ ವ್ಯಾನೊಂದನ್ನು ರಿಪೇರಿ ಮಾಡಿಕೊಂಡು, ಕೊಬ್ಬರಿ ಒಡೆದವರ ಮನೆಗಳಿಂದ ಚಿಪ್ಪು ಕೊಂಡು ಇದ್ದಿಲು ಸುಡುವವರಿಗೆ ಹಾಕುವ ಕಸುಬು ಹಿಡಿದರು. ಕೈಗೆ ಚಿಪ್ಪು ಬಂತು ಎಂದರೆ ನಮ್ಮಲ್ಲಿ ಇದ್ದಬದ್ದದ್ದೆಲ್ಲ ಹೋಯಿತು ಎಂದರ್ಥ. ಹೆಂಗಸರು ರೇಗಿಸಿದರೆ ಅವರು, "ನಂಗೆ ದಿನಾ ಬೆಳಗಾದ್ರೆ ಕೈಗೆ ಚಿಪ್ಪೇ ಕಣಮ್ಮಾ, ಅದ್ರಲ್ಲೇ ಸಂಸಾರ ನಡೀತೈತೆ" ಎಂದು ನಗುತ್ತಿದ್ದರು.

ನಮ್ಮೂರು ಬೋರನಕಣಿವೆಯ ಅಣೆಕಟ್ಟೆಗೆ ಮೇಲುಗಡೆ, ಗುಡ್ಡದ ಓರೆಯಲ್ಲಿದೆ. ಮನೆಗಳು ಮೇಲೆ, ತೋಟಗಳು ಕೆಳಗೆ. ಕಟ್ಟೆಯ ನೀರು ಕಣ್ಣಿಗೆ ಕಾಣುತ್ತಿತ್ತು, ಕೊಡಕ್ಕೆ ಸಿಗುತ್ತಿರಲಿಲ್ಲ. ಕುಡಿಯುವ ನೀರಿಗೆ ತೋಟದ ಬಾವಿಗೆ ಇಳಿದು, ತುಂಬಿದ ಕೊಡ ಹೊತ್ತು ಏರಬೇಕಿತ್ತು. ನಾನು ಮದುವೆಯಾಗಿ ಬಂದ ಮರುವರ್ಷ ಬಸುರಿಯಾಗಿದ್ದಾಗ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಆ ಏರಿನಲ್ಲೇ ಜಾರಿ ಬಿದ್ದೆ. ಕೂಸು ಉಳಿಯಲಿಲ್ಲ. ನನ್ನ ಅತ್ತೆ ಭೈರಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಬಿದ್ದ ಕೊಡವನ್ನು ಮಾತ್ರ ಹಿತ್ತಲಲ್ಲಿ ಬೋರಲು ಹಾಕಿ, ಮತ್ತೆ ಯಾವತ್ತೂ ಬಳಸಲಿಲ್ಲ.

ಅದಾದ ಮೇಲೆ ಊರಿಗೆ ಗ್ಯಾಸ್ ಮಿಷನ್ನು ಬಂತು. ದೊಡ್ಡ ಉಕ್ಕಿನ ಡ್ರಮ್ಮು. ಅದರೊಳಗೆ ಚಿಪ್ಪು ಹಾಕಿ, ಗಾಳಿ ಜಾಸ್ತಿ ಹೋಗದ ಹಾಗೆ ಉರಿಸಿದರೆ ಒಂದು ಥರದ ಗ್ಯಾಸು ಬರುತ್ತದೆ. ಅದನ್ನು ಸೋಸಿ, ತಣ್ಣಗೆ ಮಾಡಿ ಇಂಜಿನ್ನಿಗೆ ಬಿಟ್ಟರೆ ಕರೆಂಟು. ಸಂಜೆ ಮನೆಗಳಿಗೆ ಬೆಳಕು, ಬೆಳಗ್ಗೆ ಬೋರ್‌ವೆಲ್ಲಿನ ಪಂಪು. ಮಿಷನ್ನು ನೋಡಿಕೊಳ್ಳಲು ನಮ್ಮೂರ ಮರುಳಪ್ಪ, ಚಿಪ್ಪು ತಂದು ಹಾಕಲು ಇಸ್ಮಾಯಿಲಣ್ಣ. ನಮ್ಮ ಅಂಗಳದ ನಲ್ಲಿಯಲ್ಲಿ ಮೊದಲ ಸಲ ನೀರು ಬಿದ್ದ ದಿನ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದರು. ನಾನು ಅತ್ತುಬಿಟ್ಟೆ.

ತೊಂಬತ್ತೊಂಬತ್ತರಲ್ಲಿ ನಾನು ಮತ್ತೆ ಬಸುರಿಯಾದೆ. ಹುಳಿಯಾರಿನ ನರ್ಸಮ್ಮ, "ಈ ಸಲ ಕೊಡದ ಹತ್ರಾನೂ ಸುಳೀಬ್ಯಾಡ" ಎಂದು ಗದರಿಸಿ ಕಳಿಸಿದ್ದರು. ಮನೆಯಲ್ಲೇ ನಲ್ಲಿ ಇರುವಾಗ ನನಗೇನು ಚಿಂತೆ ಎಂದುಕೊಂಡಿದ್ದೆ. ಆದರೆ ಆ ವರ್ಷ ಉತ್ತರೆ ಮಳೆ ಹಿಡಿದದ್ದು ಹಸ್ತೆಯಾದರೂ ಬಿಡಲಿಲ್ಲ. ಒಂದು ಸಂಜೆ ಎದ್ದ ಗಾಳಿಗೆ ಚಿಪ್ಪು ತುಂಬಿದ್ದ ಶೆಡ್ಡಿನ ತಗಡುಗಳು ಹಾರಿ ಹೋಗಿ, ಮಳೆಗಾಲಕ್ಕೆಂದು ಕೂಡಿಟ್ಟದ್ದೆಲ್ಲ ನೆನೆದು ತೊಪ್ಪೆಯಾಯಿತು. ಒದ್ದೆ ಚಿಪ್ಪು ಹಾಕಿದರೆ ಮಿಷನ್ನು ಬರೀ ಹೊಗೆ ಕಾರುತ್ತದೆ, ಟಾರಿನಂಥ ಅಂಟು ಇಂಜಿನ್ನಿನೊಳಗೆ ಕೂತುಬಿಡುತ್ತದೆ. ಮರುಳಪ್ಪ ಮಿಷನ್ನು ನಿಲ್ಲಿಸಿದ. ನಲ್ಲಿ ಒಣಗಿತು.

ಮಿಷನ್ನು ಕೊಟ್ಟ ಸಂಸ್ಥೆಯವರು ಬಂದು ನೋಡಿದರು. ಅವರದೂ ತಪ್ಪೇನಿಲ್ಲ. ಮಳೆಗಾಲವಿಡೀ ಓಡಿಸಿ ತೋರಿಸಿದರೆ ಮಿಷನ್ನು ನಿಮ್ಮದು, ಇಲ್ಲವಾದರೆ ಬೇರೆ ಊರಿಗೆ ಎಂದು ಮೊದಲೇ ಹೇಳಿದ್ದರು. ಸೋಮವಾರ ಲಾರಿ ತರುತ್ತೇವೆ, ಅಷ್ಟರೊಳಗೆ ಓಡುತ್ತಿದ್ದರೆ ಬರಿಗೈಲಿ ಹೋಗುತ್ತೇವೆ ಎಂದರು.

ನನ್ನ ಗಂಡ ರಂಗರಾಜು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿ, ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆ ತಾವೇ ಕೊಡ ತೆಗೆದುಕೊಂಡು ಬಾವಿಗೆ ಇಳಿದರು. ಅವರ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಕೆಸರಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಕೂತು ಕೂತು ಏರುವುದನ್ನು ಜಗಲಿಯಿಂದ ನೋಡಲಾರದೆ, ಎರಡನೇ ದಿನ ಅವರು ಹಿತ್ತಲಿಗೆ ಹೋದ ಹೊತ್ತಲ್ಲಿ ನಾನೇ ಕೊಡ ಎತ್ತಿಕೊಂಡು ಹೊರಟೆ. ಇಳಿಜಾರಿನ ತಲೆಗೆ ಬಂದಿದ್ದೆನಷ್ಟೆ, ಖಾಲಿ ವ್ಯಾನು ಎದುರಿಗೆ ನಿಂತಿತು. ಇಸ್ಮಾಯಿಲಣ್ಣ ಬಾಗಿಲು ಹಾಕುವುದನ್ನೂ ಮರೆತು ಓಡಿ ಬಂದರು.

"ಅರೇ, ಬುದ್ಧಿ ಐತಾ ತಂಗ್ಯಮ್ಮಾ ನಿಂಗೆ? ಇಡು ಕೆಳಗೆ ಅದನ್ನ!"

ಅವರು ನನ್ನ ಮೇಲೆ ಕೂಗಿದ್ದು ಅದೊಂದೇ ಸಲ. ಕೊಡ ಕಿತ್ತುಕೊಂಡು, ಪ್ಯಾಂಟು ಮಡಚಿ, ತಾವೇ ಇಳಿದು ನೀರು ಹೊತ್ತು ತಂದರು. ಗಂಡಸು ಸೊಂಟದಲ್ಲಿ ಕೊಡ ಇಟ್ಟುಕೊಂಡು ಬರುವುದನ್ನು ನೋಡಿ ಪಕ್ಕದ ಮನೆಯ ಅಂಕಮ್ಮ ಬಾಯಿಗೆ ಸೆರಗು ಇಟ್ಟುಕೊಂಡಳು. ಅವರು ಅದನ್ನೂ ಲೆಕ್ಕಿಸಲಿಲ್ಲ. ಕೊಡ ಇಳಿಸಿ ನಮ್ಮ ಜಗಲಿ ಮೇಲೆ ಕೂತರು. ಅತ್ತೆ ಕೊಟ್ಟ ಕಾಫಿ ಮುಟ್ಟಲಿಲ್ಲ.

"ಯಾಕೆ ಸಾಬ್ರೆ, ಕಾಫಿ ಆರೋಯ್ತದೆ" ಎಂದರು ಅತ್ತೆ.

"ಅಮ್ಮಾ, ಒಣಗಿದ ಚಿಪ್ಪಿಗೆ ಅಲೀದೇ ಇರೋ ಜಾಗ ಇಲ್ಲ. ತುರುವೇಕೆರೆ ಮುಗಿಸಿ ದಂಡಿನಶಿವರದ ತನಕ ಹೋಗ್ಬಂದೆ. ಈ ಮಳೇಲಿ ಯಾರೂ ಕೊಬ್ರಿ ಒಡೀತಿಲ್ಲ. ಇದ್ದ ನಾಕು ಮೂಟೆ ನಮ್ಮನೆ ಹೊಲಿಗೆ ರೂಮಲ್ಲಿ ಹಾಕಿವ್ನಿ, ಶಾಹಿದಾ ಮಿಷನ್ನು ಎತ್ತಿ ಮಂಚದ ಮೇಲೆ ಇಟ್ಕಂಡವ್ಳೆ. ಅದು ಯಾವ ಮೂಲೆಗೆ? ಇನ್ನ ಒಣಗಿದ ಚಿಪ್ಪು ಇರೋದು ಒಂದೇ ಕಡೆ."

"ಎಲ್ಲಿ?"

"ನಿಮ್ಮ ತಲೆ ಮೇಲೆ."

ಅತ್ತೆ ಮೇಲೆ ನೋಡಿದರು. ಮೇಲೆ ನಮ್ಮ ಅಟ್ಟ.

ನಮ್ಮ ಕಡೆಯ ಅಟ್ಟ ಎಂದರೆ ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಬಲಿತ ಕಾಯಿಗಳನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹೆಚ್ಚುಕಡಿಮೆ ವರ್ಷ ಮುಟ್ಟುವಂತಿಲ್ಲ. ಕೆಳಗಿನ ಒಲೆಯ ಶಾಖಕ್ಕೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗೊಟಗೊಟ ಎಂದಾಗಲೇ ಇಳಿಸುವುದು. ಬೀರುವಿನ ಕೀಲಿ ಬೇಕಾದರೂ ಕೊಟ್ಟಾರು, ಹೊರಗಿನವರನ್ನು ಅಟ್ಟ ಹತ್ತಿಸುವುದಿಲ್ಲ. ದೃಷ್ಟಿಯಾಗುತ್ತದೆ, ಕೊಬ್ಬರಿ ಕೆಡುತ್ತದೆ ಎಂಬ ನಂಬಿಕೆ. ಸೊಸೆಯಾಗಿ ಬಂದ ನಾನೇ ಆ ಏಣಿ ಮುಟ್ಟಿದ್ದು ವರ್ಷ ಕಳೆದ ಮೇಲೆ.

"ಚಿಪ್ಪಿಗೋಸ್ಕರ ಕೊಬ್ರಿ ಒಡೀಬೇಕಾ?" ಅತ್ತೆಯ ದನಿ ಏರಿತು. "ನೆಗಡಿ ಬಂತು ಅಂತ ಮೂಗು ಕುಯ್ಕಂಡಂಗಾಯ್ತು ಕಣಪ್ಪ ನಿನ್ನ ಮಾತು. ಈ ತೇವದಲ್ಲಿ ಒಡೆದ್ರೆ ಬೂಷ್ಟು ಹಿಡಿಯಕಿಲ್ವಾ?"

"ಹಿಡಿಯೋಕೆ ಬುಟ್ರೆ ತಾನೆ? ಒಡೆದ ದಿನಾನೇ ಟಾರ್ಪಾಲ್ ಹೊದಿಸಿ ಮಂಡಿಗೆ ಮುಟ್ಟಿಸ್ತೀನಿ. ರಂಗರಾಜಣ್ಣ ಅಲ್ಲೇ ಇಳಿಸ್ಕತಾರೆ. ಒಂದೇ ಮನೇದು ಬ್ಯಾಡ, ದಿನಕ್ಕೊಂದು ಮನೆ ಸರದಿ ಮೇಲೆ. ಮಳೆ ಬಿಡೋವರ್ಗೂ ಮಿಷನ್ನು ಓಡ್ತದೆ."

"ಯಾರ್ಯಾರು ಒಪ್ಪವ್ರೆ?"

"ಯಾರೂ ಇಲ್ಲ. ಭೈರಮ್ಮೋರು ಅಟ್ಟ ಇಳಿಸಿದ್ರೆ ನೋಡಾನ ಅಂತಾರೆ."

ಅತ್ತೆ ಇನ್ನೊಮ್ಮೆ ಅಟ್ಟದ ಕಡೆ ನೋಡಿದರು. ಆಮೇಲೆ ಮೆತ್ತಗೆ, "ಅವು ಮಾಗಿಲ್ಲ ಕಣಪ್ಪ. ಇನ್ನೂ ಎರಡು ತಿಂಗಳು ಬೇಕು" ಎಂದರು.

ಇಸ್ಮಾಯಿಲಣ್ಣ ತಲೆ ತಗ್ಗಿಸಿಕೊಂಡೇ, "ತಂಗ್ಯಮ್ಮಂಗೂ ಇನ್ನೂ ಎರಡು ತಿಂಗಳು ಬೇಕಲ್ಲಮ್ಮಾ" ಎಂದರು.

ಅತ್ತೆ ನನ್ನ ಕಡೆ ನೋಡಿದರು. ಬಾಗಿಲ ಪಕ್ಕದಲ್ಲಿದ್ದ ಕೊಡವನ್ನು ನೋಡಿದರು. ಆಮೇಲೆ ಎದ್ದು, ಸೆರಗು ಸಿಕ್ಕಿಸಿ, ಒಳಗೆ ಹೋಗಿ ಏಣಿ ಹಾಕಿದರು. ಇಸ್ಮಾಯಿಲಣ್ಣ ಹಿಡಿದುಕೊಳ್ಳಲು ಹೋದರೆ, "ನೀನು ಕೆಳಗೇ ಇರು, ಅಟ್ಟಕ್ಕೆ ಮಾತ್ರ ಬರಬ್ಯಾಡ" ಎಂದು ಗದರಿದರು. ಆ ಮೊಣಕಾಲು ನೋವಿನಲ್ಲೇ ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದರು. ಮೇಲಿಂದ ಒಂದೊಂದೇ ಕಾಯಿ ಇಳಿಬಿಟ್ಟರು, ಕೆಳಗೆ ಇಸ್ಮಾಯಿಲಣ್ಣ ಗೋಣಿ ಹಿಡಿದು ನಿಂತರು. ಸುಲಿದು ಒಡೆದಾಗ ಎಷ್ಟೋ ಕಾಯಲ್ಲಿ ಕೊಬ್ಬರಿ ಇನ್ನೂ ಚಿಪ್ಪಿಗೆ ಅಂಟಿಕೊಂಡೇ ಇತ್ತು. ಉಂಡೆ ಕೊಬ್ಬರಿ, ನಮ್ಮ ಮಾತಲ್ಲಿ ಗಿಟಕು, ಇಡಿಯಾಗಿ ಬರದೆ ಚೂರಾಗುತ್ತಿತ್ತು. ಹೋಳಾದದ್ದಕ್ಕೆ ಮಂಡಿಯಲ್ಲಿ ಅರ್ಧ ಬೆಲೆಯೂ ಇಲ್ಲ. ಅತ್ತೆಗೆ ಅದು ಗೊತ್ತಿರಲಿಲ್ಲವೇ? ಒಡೆಯುತ್ತಲೇ ಇದ್ದರು.

ಚಿಪ್ಪನ್ನು ಮರುಳಪ್ಪ ಸಣ್ಣಗೆ ಜಜ್ಜಿ ಡ್ರಮ್ಮಿಗೆ ಸುರಿದ. ಮರುದಿನ ಬೆಳಗ್ಗೆ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ನೀರು ಬಿತ್ತು. ನಮ್ಮನೆ ಅಟ್ಟ ಇಳಿದದ್ದು ನೋಡಿ ಅಂಕಮ್ಮ ತಾನೂ ಏಣಿ ಹಾಕಿದಳು. ಬಾಯಿಗೆ ಸೆರಗು ಇಟ್ಟು ನಕ್ಕವಳೇ ಅವಳು, ಅವಳಿಗೂ ನನ್ನ ನಮಸ್ಕಾರ. ಸರದಿ ಹಾಗೇ ಊರಿನ ತುದಿವರೆಗೂ ಹೋಯಿತು. ನೆನೆದ ಚಿಪ್ಪನ್ನು ಪ್ರತಿ ಮನೆಯವರೂ ಒಂದೊಂದು ಕುಕ್ಕೆ ಒಲೆ ಮಗ್ಗುಲಲ್ಲಿಟ್ಟು ಒಣಗಿಸಿದರು. ಇಸ್ಮಾಯಿಲಣ್ಣ ಹೋಗುವಾಗ ಕೊಬ್ಬರಿ, ಬರುವಾಗ ಎಲ್ಲೆಲ್ಲಿಂದಲೋ ಹುಡುಕಿದ ಒಣ ಚಿಪ್ಪು ಹೇರಿಕೊಂಡು ಆ ಕೆಸರು ದಾರಿಯಲ್ಲಿ ಓಡಾಡಿದರು. ಯಾರ ಮನೆಯ ಒಂದು ಗಿಟಕಿಗೂ ಬೂಷ್ಟು ಬರಲಿಲ್ಲ. ಸೋಮವಾರ ಬಂದ ಲಾರಿ, ಬೆಳಗುತ್ತಿದ್ದ ಬಲ್ಬುಗಳನ್ನು ನೋಡಿಕೊಂಡು ಖಾಲಿಯೇ ತಿರುಗಿತು.

ಚಳಿಗಾಲದಲ್ಲಿ ನನಗೆ ಹೆಣ್ಣುಮಗು ಹುಟ್ಟಿತು. ಗಿರಿಜಾಂಬಿಕಾ ಎಂದು ಹೆಸರಿಟ್ಟೆವು. ಶಾಹಿದಾ ಅಕ್ಕ ಬಣ್ಣಬಣ್ಣದ ಬಟ್ಟೆಚೂರು ಕೂಡಿಸಿ ಪುಟ್ಟ ಫ್ರಾಕು ಹೊಲಿದು ಕಳಿಸಿದ್ದರು. ಅದನ್ನು ಕೊಡಲು ಬಂದ ಇಸ್ಮಾಯಿಲಣ್ಣನಿಗೆ ಮಗುವನ್ನು ಎತ್ತಿಕೊಳ್ಳಲು ಹೆದರಿಕೆ. "ಕೈಯೆಲ್ಲ ಮಸಿ ಕಣಮ್ಮಾ" ಎಂದು ಹಿಂದೆ ಸರಿದರು. ಅತ್ತೆ ನಲ್ಲಿ ತಿರುಗಿಸಿ, "ತೊಳ್ಕೊ, ಈಗ ನೀರಿಗೇನು ಬರ?" ಎಂದು ಮಗುವನ್ನು ಅವರ ತೋಳಿಗೆ ಹಾಕಿದರು.

ಕಂಬ ಬಂದ ಮೇಲೆ ಮಿಷನ್ನಿಗೆ ಕೆಲಸವಿಲ್ಲದೆ ಅದನ್ನು ಬೇರೆ ಊರಿಗೆ ಸಾಗಿಸಿದರು. ನನಗೆ ಯಾರೋ ನೆಂಟರನ್ನು ಕಳಿಸಿಕೊಟ್ಟ ಹಾಗಾಯಿತು. ಇಸ್ಮಾಯಿಲಣ್ಣ ಮಾತ್ರ ಬರುವುದು ಬಿಡಲಿಲ್ಲ. ವ್ಯಾನಿಗೂ ವಯಸ್ಸಾಗಿತ್ತು, ಅವರ ಗಡ್ಡವೂ ನೆರೆತಿತ್ತು.

ಕಂಬ ಬಂದ ಎರಡು ವರ್ಷಕ್ಕೆ ಅತ್ತೆ ಕೋಲು ಹಿಡಿದರು. ಅಟ್ಟ ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಕಾಯಿ ಮಾಗಿದೆಯೋ ಇಲ್ಲವೋ ನಾನು ಹತ್ತಿ ನೋಡುತ್ತೇನೆ ಎಂದರೆ, "ನಿಂಗೆ ಸದ್ದು ತಿಳಿಯಕಿಲ್ಲ, ಸುಮ್ಕಿರೇ" ಎಂದರು. ಆ ದಿನವೇ ಇಸ್ಮಾಯಿಲಣ್ಣನ ಹಾರ್ನು ಕೇಳಿಸಿತು. ಅತ್ತೆ ಜಗಲಿಯಿಂದಲೇ ಕೂಗಿದರು.

"ಇಸ್ಮಾಯಿಲಾ, ಏಣಿ ಹಾಕೈತೆ. ಹತ್ತಿ ಒಸಿ ಕಾಯಿ ಅಲ್ಲಾಡಿಸಿ ನೋಡಪ್ಪ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಏಣಿಯ ಬುಡದಲ್ಲಿ ನಿಂತುಬಿಟ್ಟರು. "ಅಮ್ಮಾ, ನಾನು ಹತ್ತಬೌದಾ? ಹೊರಗಿನೋನು..."

"ಯಾವನ್ಲಾ ಹೊರಗಿನೋನು? ಹತ್ತು."

ಅವರು ತೋಳಿಂದ ಕಣ್ಣು ಒರೆಸಿಕೊಂಡು ಹತ್ತಿದರು. ಮೇಲೆ ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವ ಸದ್ದು ಕೆಳಗೆ ನನಗೂ ಕೇಳುತ್ತಿತ್ತು. ಆಮೇಲೆ ಕತ್ತಲಿಂದ ಅವರ ದನಿ ಬಂತು.

"ಅಮ್ಮಾ, ಇನ್ನೂ ಎರಡು ತಿಂಗಳು ಬೇಕು."

ಅಂಗಳದಲ್ಲಿ ಗಿರಿಜಾ ನಲ್ಲಿಗೆ ಬಾಯಿ ಕೊಟ್ಟು, ಲಂಗವೆಲ್ಲ ನೆನೆಸಿಕೊಂಡು ನೀರು ಕುಡಿಯುತ್ತಿದ್ದಳು. ಅತ್ತೆ ಅವಳನ್ನೇ ನೋಡುತ್ತಾ ಅಂದರು.

"ಕಾಯಾನ ಬುಡು. ಈಗೇನು ಆತುರ."